ಬೈದರೆ ಮರ ಒಣಗುತ್ತದೆಯೇ? ಆದಿವಾಸಿಗಳ ಹೆಸರಲ್ಲಿ ಓಡಾಡುವ ಫಾರ್ವರ್ಡ್‌ಗಳೂ ಒಂದು ಶಾಲಾ ಪ್ರಾಜೆಕ್ಟೂ

ಆಗಸ್ಟ್ ಮೊದಲ ವಾರ ಶೆಟ್ಟಿಕೆರೆಗೆ ಹೋಗಿದ್ದೆ. ಅಕ್ಕನ ಮಗಳು ಒಂಬತ್ತನೇ ತರಗತಿ. ಅವಳ ಶಾಲೆಯಲ್ಲಿ ‘ವಿಶ್ವದ ಮೂಲನಿವಾಸಿ ಸಂಸ್ಕೃತಿಗಳು’ ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಆಗಸ್ಟ್ 9 ವಿಶ್ವ ಮೂಲನಿವಾಸಿಗಳ ದಿನ, ಅಷ್ಟರೊಳಗೆ ಚಾರ್ಟ್ ಒಪ್ಪಿಸಬೇಕು. ಅಕ್ಕ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ್ದಳು: ‘ಪಾಪುಗೆ ಆದಿವಾಸಿಗಳ ಬಗ್ಗೆ ಏನಾದ್ರೂ ಇದ್ರೆ ಕಳಿಸಿ’. ಸಂಜೆಯೊಳಗೆ ಹದಿನೈದು ಫಾರ್ವರ್ಡ್ ಬಂದಿದ್ದವು. ಅವುಗಳಲ್ಲಿ ಚೆನ್ನಾಗಿರುವ ಆರೇಳನ್ನು ಆರಿಸಿ, ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು, ಗೂಗಲ್‌ನಿಂದ ತೆಗೆದ ಗರಿ ಕಿರೀಟದ ಚಿತ್ರ ಅಂಟಿಸಿ ಮುಗಿಸಿಬಿಟ್ಟಿದ್ದಳು.

ಚಾರ್ಟ್ ನೋಡಲು ಚಂದವಿತ್ತು. ಓದುತ್ತಾ ಹೋದಂತೆ ನನಗೆ ಒಂದು ವಿಷಯ ಕಂಡಿತು. ಅದರಲ್ಲಿ ಒಬ್ಬೇ ಒಬ್ಬ ಮನುಷ್ಯನ ಹೆಸರಿಲ್ಲ, ಒಂದು ಊರಿನ ಹೆಸರಿಲ್ಲ, ಒಂದು ಇಸವಿಯೂ ಇಲ್ಲ. ‘ಆಫ್ರಿಕಾದ ಒಂದು ಬುಡಕಟ್ಟಿನಲ್ಲಿ’, ‘ಒಬ್ಬ ರೆಡ್ ಇಂಡಿಯನ್ ಅಜ್ಜ’, ‘ದೂರದ ದ್ವೀಪದ ಕಾಡುಜನರು’. ಒಂದಕ್ಕೆ ಮಾತ್ರ ಜಾಗದ ಹೆಸರಿತ್ತು: ಸಾಲೊಮನ್ ದ್ವೀಪ. ಅಲ್ಲಿಂದಲೇ ಶುರು ಮಾಡೋಣ.

ಸಾಲೊಮನ್ ದ್ವೀಪದವರು ಮರಕ್ಕೆ ಬೈಯುತ್ತಾರೆಯೇ?

ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಸಾಲೊಮನ್ ದ್ವೀಪಗಳ ಆದಿವಾಸಿಗಳು ಮರ ಬೀಳಿಸಬೇಕಾದರೆ ಕೊಡಲಿ ಹಿಡಿಯುವುದಿಲ್ಲವಂತೆ. ಊರವರೆಲ್ಲ ಸೇರಿ ಮರದ ಸುತ್ತ ನಿಂತು ದಿನಗಟ್ಟಲೆ ಬೈಯುತ್ತಾರಂತೆ, ಮರ ಮನನೊಂದು ತಾನಾಗಿ ಒಣಗಿ ಬೀಳುತ್ತದಂತೆ. ಆದ್ದರಿಂದ ಮಕ್ಕಳನ್ನು ಬೈಯಬೇಡಿ, ಎನ್ನುವಲ್ಲಿಗೆ ಮೆಸೇಜ್ ಮುಗಿಯುತ್ತದೆ. 2007ರ ‘ತಾರೇ ಜಮೀನ್ ಪರ್’ ಸಿನಿಮಾದಲ್ಲಿ ಆಮೀರ್ ಖಾನ್ ಪಾತ್ರ ಇದನ್ನು ಹೇಳಿದ ಮೇಲೆ ನಮ್ಮ ದೇಶದಲ್ಲಿ ಇದು ಮನೆಮಾತಾಯಿತು.

ಸಿನಿಮಾಕ್ಕಿಂತ ಹಿಂದೆ ಇದು ಬಂದದ್ದು ಅಮೆರಿಕದ ರಾಬರ್ಟ್ ಫುಲ್ಗಮ್ ಎಂಬ ಲೇಖಕರ ಪುಸ್ತಕದಲ್ಲಿ. ಶಿಶುವಿಹಾರದಲ್ಲಿ ಕಲಿತದ್ದೇ ಬದುಕಿಗೆ ಸಾಕು ಎನ್ನುವ ಅರ್ಥದ ಹೆಸರಿನ ಆ ಪುಸ್ತಕ 1988ರಲ್ಲಿ ಬಂತು, ಲಕ್ಷಗಟ್ಟಲೆ ಮಾರಾಟವಾಯಿತು. ಅದು ಮಾನವಶಾಸ್ತ್ರದ ಪುಸ್ತಕವಲ್ಲ, ಬದುಕಿನ ಬಗ್ಗೆ ಬರೆದ ಹಗುರವಾದ ಪ್ರಬಂಧಗಳ ಸಂಗ್ರಹ. ಅಂದರೆ ನಮ್ಮ ಫಾರ್ವರ್ಡಿನ ಬೇರು ದ್ವೀಪದಲ್ಲಿಲ್ಲ, ಅಮೆರಿಕದ ಪುಸ್ತಕದ ಅಂಗಡಿಯಲ್ಲಿದೆ.

ವಿಜ್ಞಾನ ಏನು ಹೇಳುತ್ತದೆ? ಗಿಡಗಳಿಗೆ ಸದ್ದಿನ ಕಂಪನ ಗೊತ್ತಾಗುವುದೇ ಇಲ್ಲ ಎಂದೇನಲ್ಲ. ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಕಂಬಳಿಹುಳ ಎಲೆ ತಿನ್ನುವಾಗಿನ ಕಂಪನವನ್ನು ಕೇಳಿಸಿದಾಗ, ಆಮೇಲೆ ಹುಳ ಬಿದ್ದರೆ ಎದುರಿಸುವ ರಾಸಾಯನಿಕವನ್ನು ಅದು ಹೆಚ್ಚು ತಯಾರಿಸಿತು ಎಂದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ತೋರಿಸಿದ್ದಾರೆ. ಆದರೆ ಹುಳ ಕಡಿಯುವ ಕಂಪನ ಗೊತ್ತಾಗುವುದು ಬೇರೆ, ಬೈಗುಳದ ಅರ್ಥವಾಗಿ ಮನನೋಯುವುದು ಬೇರೆ. ಮರಕ್ಕೆ ನರಮಂಡಲ ಇಲ್ಲ, ಮಿದುಳಿಲ್ಲ, ಭಾಷೆಯಿಲ್ಲ. ನಮ್ಮ ತೆಂಗಿನ ಸೀಮೆಯಲ್ಲಿ ಮರ ಒಣಗುವುದನ್ನು ನೋಡದವರು ಯಾರಿದ್ದಾರೆ? ನುಸಿ ಪೀಡೆ ಬಂತು, ಕಪ್ಪುತಲೆ ಹುಳ ಬಂತು, ಕಾಂಡ ಸೋರುವ ರೋಗ ಬಂತು, ಬರ ಬಂತು. ಯಾರೂ ಬೈದಿರಲಿಲ್ಲ.

ನನಗೆ ಬೇಸರವಾದದ್ದು ಇದಕ್ಕಲ್ಲ. ಸಾಲೊಮನ್ ದ್ವೀಪಗಳು ಪೆಸಿಫಿಕ್ ಸಾಗರದ ಒಂದು ದೇಶ. ನೂರಾರು ದ್ವೀಪಗಳು, ಸುಮಾರು 70 ಭಾಷೆಗಳು. ಅಲ್ಲಿ ತೆಂಗು ಬೆಳೆಯುತ್ತಾರೆ. ಕೊಬ್ಬರಿ ಮಾಡುತ್ತಾರೆ! ನಮ್ಮಲ್ಲಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಒಳಗೆ ಗಿಟುಕು ಅಲುಗಾಡುವವರೆಗೆ ಕಾದು ಉಂಡೆ ಕೊಬ್ಬರಿ ಮಾಡಿದರೆ, ಅವರು ಹಸಿ ಕಾಯಿ ಒಡೆದು ತಿರುಳನ್ನು ಬಿಸಿಗೆ ಒಣಗಿಸಿ ಎಣ್ಣೆಗೆ ಮಾರುತ್ತಾರೆ. ಇನ್ನು ಮರ ಕಡಿಯುವ ವಿಷಯ. ಬಹಳ ವರ್ಷ ಆ ದೇಶದ ಅತಿ ದೊಡ್ಡ ರಫ್ತು ದಿಮ್ಮಿಗಳೇ ಆಗಿದ್ದವು, ಅವುಗಳಲ್ಲಿ ಹೆಚ್ಚಿನವು ಹೋಗುವುದು ಚೀನಾಕ್ಕೆ. ಹೊರಗಿನ ಕಂಪನಿಗಳು ಚೈನ್‌ಸಾ ತಂದು ಕಾಡು ಬೋಳಿಸುತ್ತಿವೆ ಎಂದು ಅಲ್ಲಿನ ಹಳ್ಳಿಯವರು ಜಗಳವಾಡುತ್ತಲೇ ಇದ್ದಾರೆ. ತಮ್ಮ ಮರ ಉಳಿಸಿಕೊಳ್ಳಲು ಹೋರಾಡುತ್ತಿರುವವರನ್ನು ನಾವು ಮರಕ್ಕೆ ಬೈದು ಸಾಯಿಸುವವರು ಎಂದು ಚಾರ್ಟಿನಲ್ಲಿ ಬರೆಯುತ್ತಿದ್ದೇವೆ.

ಒಬ್ಬ ನಾಯಕ ಬರೆಯದ ಪತ್ರ

ಚಾರ್ಟಿನ ನಡುವೆ ದೊಡ್ಡ ಅಕ್ಷರಗಳಲ್ಲಿ ಇದ್ದದ್ದು ಅಮೆರಿಕದ ಮೂಲನಿವಾಸಿ ನಾಯಕನೊಬ್ಬ ಅಧ್ಯಕ್ಷರಿಗೆ ಬರೆದ ಪತ್ರ. ನೆಲ ನಮ್ಮದಲ್ಲ, ನಾವು ನೆಲದವರು ಎಂಬ ಭಾವದ ಆ ಪತ್ರವನ್ನು ಪರಿಸರ ದಿನಾಚರಣೆಯ ಭಾಷಣಗಳಲ್ಲಿ ನಾನೂ ಕೇಳಿ ಬೆಳೆದಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಹೇಳಿ ಬಹುಮಾನವಾಗಿ ಸ್ಟೀಲ್ ಲೋಟ ತಗೊಂಡವಳು ನಾನು. ಹಾಗಾಗಿ ಇದನ್ನು ಬರೆಯುವಾಗ ನನಗೂ ಕೊಂಚ ಮುಜುಗರ.

ನಾಯಕ ನಿಜ. ಹೆಸರು ಸಿಯಾಟಲ್. ಡುವಾಮಿಶ್ ಮತ್ತು ಸುಕ್ವಾಮಿಶ್ ಜನರ ಮುಖಂಡ, ತೀರಿಕೊಂಡದ್ದು 1866ರಲ್ಲಿ. ಅವನ ಹೆಸರನ್ನೇ ಸಿಯಾಟಲ್ ನಗರಕ್ಕೆ ಇಟ್ಟರು, ನಮ್ಮ ಸಾಫ್ಟ್‌ವೇರ್ ಹುಡುಗರು ಹೋಗುವ ಅದೇ ಊರು. 1854ರಲ್ಲಿ ಅವನು ಒಂದು ಭಾಷಣ ಮಾಡಿದ ಎನ್ನಲಾಗಿದೆ, ತನ್ನ ಲುಶೂಟ್‌ಸೀಡ್ ಭಾಷೆಯಲ್ಲಿ. ಅದನ್ನು ಹೆನ್ರಿ ಸ್ಮಿತ್ ಎಂಬ ಡಾಕ್ಟರು ಇಂಗ್ಲಿಷಿನಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1887ರಲ್ಲಿ, 33 ವರ್ಷಗಳ ನಂತರ. ಅದರಲ್ಲಿ ಸಿಯಾಟಲ್ ಮಾತು ಎಷ್ಟು, ಡಾಕ್ಟರ ಕೈವಾಡ ಎಷ್ಟು ಎಂಬ ಚರ್ಚೆ ಇಂದಿಗೂ ಇದೆ.

ಆದರೆ ನಾವು ಫಾರ್ವರ್ಡ್ ಮಾಡುವುದು ಆ 1887ರ ಪಾಠವನ್ನೂ ಅಲ್ಲ. ಅದನ್ನು ಬರೆದದ್ದು ಟೆಡ್ ಪೆರಿ ಎಂಬ ಚಿತ್ರಕಥೆಗಾರ, 1972ರ ಒಂದು ಪರಿಸರ ಚಿತ್ರಕ್ಕಾಗಿ. ಚಿತ್ರದಲ್ಲಿ ಬರೆದವನ ಹೆಸರು ಹಾಕಲಿಲ್ಲ. ನೋಡಿದವರು ಅದು ನಾಯಕನದೇ ಮಾತು ಎಂದುಕೊಂಡರು. ಅದು ನನ್ನ ಬರಹ ಎಂದು ಪೆರಿ ಆಮೇಲೆ ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಅಧ್ಯಕ್ಷರಿಗೆ ಬರೆದ ಪತ್ರ ಅಂತೂ ಯಾವ ದಾಖಲೆಯಲ್ಲೂ ಸಿಕ್ಕಿಲ್ಲ.

ಇದನ್ನು ಪತ್ತೆ ಮಾಡಲು ಅಮೆರಿಕಕ್ಕೆ ಹೋಗಬೇಕಿಲ್ಲ, ಭೂಗೋಳದ ಅಟ್ಲಾಸ್ ಸಾಕು. ಪತ್ರದಲ್ಲಿ ರೈಲಿನಿಂದ ಗುಂಡು ಹೊಡೆದು ಕೊಂದ ಕಾಡೆಮ್ಮೆಗಳನ್ನು ನಾಯಕ ಕಣ್ಣಾರೆ ಕಂಡದ್ದಾಗಿ ಬರುತ್ತದೆ. ಸಿಯಾಟಲ್ ಬಾಳಿದ್ದು ವಾಯುವ್ಯ ಮೂಲೆಯ ಕಡಲ ತೀರದಲ್ಲಿ. ಆ ಎಮ್ಮೆಗಳ ಹಿಂಡು ಇದ್ದದ್ದು ಪರ್ವತ ಸಾಲುಗಳ ಆಚೆ, ನೂರಾರು ಕಿಲೋಮೀಟರ್ ದೂರದ ಬಯಲಿನಲ್ಲಿ. ದೇಶ ದಾಟುವ ರೈಲು ಮಾರ್ಗ ಪೂರ್ತಿಯಾದದ್ದು 1869ರಲ್ಲಿ, ಅವನು ಸತ್ತ ಮೂರು ವರ್ಷಕ್ಕೆ.

ಬರೆದದ್ದು ಯಾರಾದರೇನು, ಮಾತು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ನಮ್ಮ ಭಾವನೂ ಅದನ್ನೇ ಕೇಳಿದರು. ಒಂದು ಸಂಗತಿ ಹೇಳುತ್ತೇನೆ. ಸಿಯಾಟಲ್‌ನ ಸ್ವಂತ ಜನ ಡುವಾಮಿಶ್. ಬುಡಕಟ್ಟು ಎಂಬ ಅಧಿಕೃತ ಮಾನ್ಯತೆ ಕೊಡಿ ಎಂದು ಅವರು ಅಮೆರಿಕ ಸರ್ಕಾರದ ಮುಂದೆ ದಶಕಗಳಿಂದ ಅರ್ಜಿ ಹಿಡಿದು ನಿಂತಿದ್ದಾರೆ. ಅವರ ನಾಯಕನ ಹೆಸರಿನಲ್ಲಿ ಬೇರೆಯವರು ಬರೆದ ಮಾತು ಲೋಕವೆಲ್ಲ ಸುತ್ತಿತು. ಅವರ ಅರ್ಜಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇದೇ ಜಾತಿಯ ಇನ್ನೊಂದು, ಎದೆಯೊಳಗೆ ಎರಡು ತೋಳಗಳು ಕಾದಾಡುತ್ತವೆ, ಯಾವುದಕ್ಕೆ ಅನ್ನ ಹಾಕುತ್ತೀಯೋ ಅದು ಗೆಲ್ಲುತ್ತದೆ ಎಂದು ಚೆರೋಕಿ ಅಜ್ಜ ಮೊಮ್ಮಗನಿಗೆ ಹೇಳಿದ ಕಥೆ. ಇದರ ಹತ್ತಿರದ ರೂಪ ಸಿಗುವುದು ಬಿಲ್ಲಿ ಗ್ರಹಾಂ ಎಂಬ ಅಮೆರಿಕದ ಕ್ರೈಸ್ತ ಪ್ರಚಾರಕರ 1978ರ ಪುಸ್ತಕದಲ್ಲಿ. ಅಲ್ಲಿ ಅಜ್ಜನೂ ಇಲ್ಲ ತೋಳವೂ ಇಲ್ಲ, ಒಬ್ಬ ಎಸ್ಕಿಮೊ ಮತ್ತು ಎರಡು ನಾಯಿ. ಹೇಳುವವರಿಗೆ ಬೇಕಾದ ಹಾಗೆ ಜನಾಂಗವೇ ಬದಲಾಗುತ್ತದೆ! ಎಸ್ಕಿಮೊ ಅಂದ ಮೇಲೆ, ಅವರಿಗೆ ಹಿಮಕ್ಕೆ ನೂರು ಪದ ಎನ್ನುವುದೂ ಹೀಗೇ ಬೆಳೆದದ್ದು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಸ್ 1911ರಲ್ಲಿ ಉದಾಹರಣೆಗೆ ಕೊಟ್ಟದ್ದು ನಾಲ್ಕು ಪದ. ಬಾಯಿಂದ ಬಾಯಿಗೆ ಅದು ಐವತ್ತು, ನೂರು, ನಾನೂರಾಯಿತು. ನಮ್ಮ ಕನ್ನಡದಂತೆ ಅವರ ಭಾಷೆಯಲ್ಲೂ ಒಂದು ಪದಕ್ಕೆ ಪ್ರತ್ಯಯ ಸೇರಿಸುತ್ತಾ ಹೋಗಬಹುದು, ಆದ್ದರಿಂದ ಎಣಿಸುವುದಕ್ಕೇ ಅರ್ಥವಿಲ್ಲ. ಹೊಂಬಾಳೆ, ಎಳನೀರು, ಕಾಯಿ, ಗಿಟುಕು, ಕೊಬ್ಬರಿ, ಕರಟ, ಮಟ್ಟೆ, ಗರಿ, ನಾರು ಎನ್ನುವ ನಾವು ಯಾವ ವಿಚಿತ್ರ ಜನರೂ ಅಲ್ಲವಲ್ಲ.

‘ಆರನೇ ಇಂದ್ರಿಯ’ ಅಲ್ಲ, ಅಜ್ಜಿ ಹೇಳಿಕೊಟ್ಟ ಪಾಠ

ಎಲ್ಲ ಫಾರ್ವರ್ಡೂ ಸುಳ್ಳಲ್ಲ. ಚಾರ್ಟಿನಲ್ಲಿ ಒಂದು ಸಾಲು ಹೀಗಿತ್ತು: ಸುನಾಮಿ ಬರುವುದು ಆದಿವಾಸಿಗಳಿಗೆ ಆರನೇ ಇಂದ್ರಿಯದಿಂದ ಮೊದಲೇ ಗೊತ್ತಾಗುತ್ತದೆ. ಇದರ ಹಿಂದೆ ನಿಜ ಸಂಗತಿಯೊಂದಿದೆ, ಅದು ಫಾರ್ವರ್ಡಿಗಿಂತ ಎಷ್ಟೋ ದೊಡ್ಡದು.

ಇಂಡೊನೇಷ್ಯಾದ ಸುಮಾತ್ರಾ ಪಕ್ಕದಲ್ಲಿ ಸಿಮೆಲೂ ಎಂಬ ದ್ವೀಪವಿದೆ. 2004ರ ಡಿಸೆಂಬರ್ 26ರ ಭೂಕಂಪದ ಕೇಂದ್ರಕ್ಕೆ ಬಹಳ ಹತ್ತಿರ. ಸುನಾಮಿ ಹಲವಾರು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ಸಿಮೆಲೂವಿನಲ್ಲಿ ಆಗ ಸುಮಾರು 78,000 ಜನ ಇದ್ದರು, ಸತ್ತವರು ಏಳು ಮಂದಿ. ಕಾರಣ ಒಂದು ಪದ: ‘ಸ್ಮಾಂಗ್’. 1907ರಲ್ಲಿ ಇದೇ ದ್ವೀಪದಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಬದುಕುಳಿದವರು ಅದನ್ನು ಕಥೆಯಾಗಿ, ಜೋಗುಳವಾಗಿ, ಹಾಡಾಗಿ ಮಕ್ಕಳಿಗೆ ಹೇಳಿದರು. ನೆಲ ಜೋರಾಗಿ ನಡುಗಿ, ಆಮೇಲೆ ಕಡಲು ಹಿಂದೆ ಸರಿದರೆ, ಮೀನು ಆಯಲು ಇಳಿಯಬೇಡ, ಏನನ್ನೂ ಎತ್ತಿಕೊಳ್ಳಬೇಡ, ಗುಡ್ಡಕ್ಕೆ ಓಡು. 97 ವರ್ಷಗಳ ನಂತರ ನೆಲ ನಡುಗಿದಾಗ ಯಾರೋ ‘ಸ್ಮಾಂಗ್’ ಎಂದು ಕೂಗಿದರು, ಊರಿಗೆ ಊರೇ ಗುಡ್ಡ ಹತ್ತಿತು. ಥಾಯ್ಲೆಂಡಿನ ಕಡಲ ಅಲೆಮಾರಿ ಮೋಕೆನ್ ಜನರೂ ಹಿರಿಯರಿಂದ ಕೇಳಿದ ಅಲೆಯ ಕಥೆ ನೆನಪಿಟ್ಟುಕೊಂಡು ಬಚಾವಾದರು.

ಇದನ್ನು ಆರನೇ ಇಂದ್ರಿಯ ಎಂದರೆ ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ಹಾಗೆನ್ನುವುದು ಅವರನ್ನು ನಾಯಿ, ಇರುವೆಗಳ ಸಾಲಿಗೆ ಸೇರಿಸಿದಂತೆ. ಹುಟ್ಟಿನಿಂದ ಬಂದ ಶಕ್ತಿ ಅದಲ್ಲ. ಒಬ್ಬರು ನೋಡಿದರು, ನೆನಪಿಟ್ಟರು, ಹೇಳಿಕೊಟ್ಟರು, ಇನ್ನೊಬ್ಬರು ಕಲಿತರು. ಭೂಕಂಪದಿಂದ ಸಮುದ್ರದ ತಳ ಸರಿದಾಗ ಕೆಲವು ತೀರಗಳಲ್ಲಿ ಮೊದಲು ನೀರು ಹಿಂದಕ್ಕೆ ಹೋಗಿ ಆಮೇಲೆ ಅಲೆ ಬರುತ್ತದೆ ಎಂದು ಭೂವಿಜ್ಞಾನ ಹೇಳುವುದೂ ಇದನ್ನೇ. ಕಲಿಸುವ ಅಜ್ಜಿ ಇಲ್ಲದಿದ್ದರೆ ಈ ಜ್ಞಾನ ಒಂದೇ ತಲೆಮಾರಿನಲ್ಲಿ ಹೋಗಿಬಿಡುತ್ತದೆ, ರಕ್ತದಲ್ಲಿ ಉಳಿಯುವುದಿಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ

ಪಾಪು ಆಗ ಕೇಳಿದಳು: “ಚಿಕ್ಕಮ್ಮ, ನಮ್ಮ ಕರ್ನಾಟಕದಲ್ಲಿ ಇಂಥವ್ರು ಇಲ್ವಾ?”

ಇದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷ ದಾಟಿತ್ತು. ಚಾಮರಾಜನಗರದ ಸೋಲಿಗರನ್ನೇ ತೆಗೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಅವರು ಬೇಸಿಗೆ ಬಲಿಯುವ ಮುಂಚೆ, ಜನವರಿ ಫೆಬ್ರವರಿ ಹೊತ್ತಿಗೆ, ನೆಲದ ಒಣ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ. ತರಗು ಕಡಿಮೆ ಇರುವಾಗ ಹಾಕಿದ ಬೆಂಕಿ ನೆಲದ ಮೇಲೇ ಓಡಿ ಆರುತ್ತದೆ, ಮರ ಸುಡುವುದಿಲ್ಲ. 1974ರಲ್ಲಿ ಅಲ್ಲಿ ವನ್ಯಧಾಮ ಘೋಷಣೆಯಾಯಿತು. ಬೆಂಕಿ, ಬೇಟೆ, ಜಾಗ ಬದಲಿಸಿ ಮಾಡುವ ಬೇಸಾಯ ಎಲ್ಲ ನಿಂತವು. ಬೆಂಕಿ ನಿಂತ ಮೇಲೆ ಲಂಟಾನ ಪೊದೆ ಕಾಡು ತುಂಬಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾ ಬಂದರು. ಬಹಳ ಕಾಲ ಇದು ಅಜ್ಞಾನಿಗಳ ಮಾತು ಎನಿಸಿಕೊಂಡಿತ್ತು. ಆಮೇಲೆ ವಿಜ್ಞಾನಿಗಳು ಅದನ್ನು ಪರೀಕ್ಷೆಗೆ ಯೋಗ್ಯವಾದ ವಾದವಾಗಿ ತೆಗೆದುಕೊಂಡು ಮರ, ಬಂದಳಿಕೆ, ಪೊದೆ ಎಣಿಸಿ ಸಂಶೋಧನಾ ಪತ್ರಿಕೆಗಳಲ್ಲಿ ಬರೆದರು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರಂಥ ಸಂಶೋಧಕರು ಇವತ್ತು ಈ ಚರ್ಚೆಯೊಳಗೆ ಇದ್ದಾರೆ.

2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಜನರನ್ನು ಹೊರಗೆ ಹಾಕಿದರೆ ಮಾತ್ರ ಹುಲಿ ಉಳಿಯುತ್ತದೆ ಎಂಬ ವಾದ ಜೋರಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. 2010ರಲ್ಲಿ ಅಲ್ಲಿ 35 ಹುಲಿ ಎಂಬ ಅಂದಾಜಿತ್ತು, 2014ರಲ್ಲಿ 68. ಸೋಲಿಗರಿಂದಲೇ ಹುಲಿ ಹೆಚ್ಚಿತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ಅದೂ ಒಂದು ಫಾರ್ವರ್ಡ್ ಆಗುತ್ತದೆ. ಜನ ಇದ್ದರೂ ಹುಲಿ ಹೆಚ್ಚಿತು ಎನ್ನುವಷ್ಟು ಮಾತ್ರ ಲೆಕ್ಕ ತೋರಿಸುತ್ತದೆ.

ಈ ಎಚ್ಚರ ಒಳ್ಳೆಯ ಉದ್ದೇಶದ ಸಂಖ್ಯೆಗಳಿಗೂ ಬೇಕು. ಜಗತ್ತಿನ ಶೇ 80ರಷ್ಟು ಜೀವವೈವಿಧ್ಯ ಮೂಲನಿವಾಸಿಗಳ ನೆಲದಲ್ಲಿದೆ ಎಂಬ ಮಾತು ದೊಡ್ಡ ದೊಡ್ಡ ಸಂಸ್ಥೆಗಳ ವರದಿಗಳಲ್ಲೂ ಇದೆ. ಅದಕ್ಕೆ ಆಧಾರವೇ ಇಲ್ಲ ಎಂದು 2024ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಬರೆದರು. ಬರೆದವರಲ್ಲಿ ಮೂಲನಿವಾಸಿ ಸಂಶೋಧಕರೂ ಇದ್ದರು. ಸಂರಕ್ಷಣೆಯಲ್ಲಿ ಅವರ ಪಾಲು ದೊಡ್ಡದು, ಅದನ್ನು ಹೇಳಲು ಎಣಿಸಲಾಗದ ಸಂಖ್ಯೆ ಯಾಕೆ ಎಂಬುದು ಅವರ ಪ್ರಶ್ನೆ.

ಹಾಗಾದರೆ ಆದಿವಾಸಿ ಹೇರ್ ಆಯಿಲ್?

ಇದು ಚಾರ್ಟಿನಲ್ಲಿ ಇರಲಿಲ್ಲ, ಆದರೆ ಅದೇ ಗ್ರೂಪಿನಲ್ಲಿ ದೊಡ್ಡಮ್ಮ ಕಳಿಸಿದ ವಿಡಿಯೊ. ಮೊಣಕಾಲುದ್ದ ಕೂದಲು, 108 ಗಿಡಮೂಲಿಕೆ, ಬಕ್ಕತಲೆಗೂ ಗ್ಯಾರಂಟಿ. ದೊಡ್ಡಮ್ಮ ತರಿಸಲು ದುಡ್ಡು ಕಳಿಸುವವರಿದ್ದರು. ಈ ಎಣ್ಣೆಯ ಹೆಸರಿಗೆ ಅಂಟಿಕೊಂಡಿರುವವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು. ವಾಗ್ರಿ ಮಾತಾಡುವ ಈ ಜನ ಹಿಂದೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಎಣ್ಣೆ, ಮೂಲಿಕೆ ಹಿಡಿದು ಊರೂರು ಸುತ್ತಿದರು, ಆಫ್ರಿಕಾ ದೇಶಗಳಿಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಸಿಕ್ಕಿಹಾಕಿಕೊಂಡಿದ್ದ ಕನ್ನಡಿಗರಲ್ಲಿ ಬಹುಪಾಲು ಇವರೇ.

ಎಣ್ಣೆ ಬಗ್ಗೆ ಹೇಳಬೇಕಾದದ್ದು ಇಷ್ಟೇ. ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ, ಕೂದಲು ತುಂಡಾಗುವುದು ಕಡಿಮೆಯಾಗಬಹುದು. ವಂಶದಿಂದ ಬಂದ ಬಕ್ಕತಲೆಯಲ್ಲಿ ಹೊಸ ಕೂದಲು ಹುಟ್ಟಿಸುವ ಎಣ್ಣೆ ಇಲ್ಲ. ಕೂದಲು ವಿಪರೀತ ಉದುರುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಇರಬಹುದು, ಪರೀಕ್ಷೆ ಮಾಡಿಸಿ. ಇನ್ನು ‘ಆದಿವಾಸಿ’ ಎಂದು ಲೇಬಲ್ ಹಚ್ಚಿದ ಬಾಟಲಿಗಳನ್ನು ಯಾರು ಬೇಕಾದರೂ ಮಾರುತ್ತಿದ್ದಾರೆ. ದೊಡ್ಡಮ್ಮ ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಎಣ್ಣೆ ತರಿಸುವುದನ್ನು ನನ್ನಿಂದ ಇನ್ನೂ ತಡೆಯಲಾಗಿಲ್ಲ, ಅದು ಬೇರೆ ಮಾತು.

ಪಕ್ಕದ ಬೆಂಚಿನಲ್ಲಿ ಕೂತವಳು

ಪಾಪುವಿನ ಪ್ರಾಜೆಕ್ಟ್ ಜೋಡಿ ಹತ್ತಿರದ ಗೊಲ್ಲರಹಟ್ಟಿಯ ಹುಡುಗಿ. ಇಬ್ಬರೂ ಸೇರಿ ‘ಆಫ್ರಿಕಾದ ಒಂದು ಬುಡಕಟ್ಟು’ ಎಂದು ಬರೆದಿದ್ದರು. ಈ ಹುಡುಗಿಯ ಮನೆಯವರು ಕಾಡುಗೊಲ್ಲರು. ತುಮಕೂರು, ಚಿತ್ರದುರ್ಗದ ಕಡೆ ಕುರಿ, ದನ ಮೇಯಿಸುತ್ತಾ, ಮುಳ್ಳಿನ ಬೇಲಿಯ ಹಟ್ಟಿ ಕಟ್ಟಿಕೊಂಡು ಬಾಳಿದವರು. ಜುಂಜಪ್ಪ ಅವರ ವೀರ, ಅವರ ದೇವರು. ಅವನ ದೊಡ್ಡ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ನುಡಿಸುತ್ತಾ ಹಾಡುತ್ತಾರೆ. ಓದು ಬರಹ ಬಾರದ ಚಳ್ಳಕೆರೆ ಕಡೆಯ ಸಿರಿಯಜ್ಜಿ ನೆನಪಿನಿಂದ ಹಾಡಿದ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಬಹಳ ವರ್ಷಗಳದ್ದು. ಡುವಾಮಿಶ್ ಜನರ ಅರ್ಜಿ ನೆನಪಿಗೆ ಬಂತಲ್ಲವೇ?

ಇಲ್ಲಿ ಪದಗಳ ಗೊಂದಲ ಇದೆ. ಪರಿಶಿಷ್ಟ ಪಂಗಡ ಎನ್ನುವುದು ಸಂವಿಧಾನದ 342ನೇ ವಿಧಿಯಡಿ ಮಾಡಿದ ಪಟ್ಟಿ. ಮೂಲನಿವಾಸಿ ಎನ್ನುವುದಕ್ಕೆ ವಿಶ್ವಸಂಸ್ಥೆಯೂ ಒಂದೇ ವ್ಯಾಖ್ಯೆ ಕೊಟ್ಟಿಲ್ಲ. 2007ರಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ 144 ದೇಶಗಳು ಮತ ಹಾಕಿದಾಗ ಭಾರತವೂ ಪರವಾಗಿಯೇ ಇತ್ತು, ಜೊತೆಗೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನೂ ಇಟ್ಟುಕೊಂಡಿದೆ. ಆದ್ದರಿಂದ ಶಾಲೆಯ ಪ್ರಾಜೆಕ್ಟಿಗೆ ಪದದ ಜಗಳಕ್ಕಿಂತ, ಯಾವ ಜನ, ಯಾವ ಊರು, ಯಾರು ಯಾವಾಗ ಹೇಳಿದ್ದು, ತಮ್ಮ ಬಗ್ಗೆ ಅವರೇ ಏನು ಹೇಳುತ್ತಾರೆ ಎಂದು ಕೇಳುವುದು ಉಪಯೋಗ. ಫಾರ್ವರ್ಡ್ ಒತ್ತುವ ಮೊದಲೂ ಇದನ್ನೇ ಕೇಳಿಕೊಳ್ಳಬಹುದು, ಅರ್ಧ ನಿಮಿಷದ ಕೆಲಸ.

ಹುಡುಗಿಯರಿಬ್ಬರೂ ಹೊಸ ಚಾರ್ಟ್ ತಂದರು. ಹಟ್ಟಿಯ ಬಗ್ಗೆ ಏನೇನು ಬರೆಯಬೇಕು ಎಂದು ಪಟ್ಟಿ ಮಾಡುವಾಗ ಆ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು: “ಅಕ್ಕ, ಮುಟ್ಟಾದಾಗ ಹೊರಗೆ ಇರಿಸ್ತಾರಲ್ಲ, ಅದನ್ನೂ ಬರೀಬೇಕಾ?”

ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಮಳೆ ಚಳಿಯಲ್ಲಿ ಊರಾಚೆಯ ಗುಡಿಸಲಿನಲ್ಲಿ ಇಟ್ಟಿದ್ದರು, ಮಗು ಉಳಿಯಲಿಲ್ಲ. ಆಗ ತಾನೆ ಹುಟ್ಟಿದ ಮಗುವಿಗೆ ಮೈ ಶಾಖ ಕಾಪಾಡಿಕೊಳ್ಳುವ ಶಕ್ತಿ ಬಹಳ ಕಡಿಮೆ. ತೂಕ ಕಡಿಮೆ ಇರುವ ಮಗುವಿಗೆ ಇನ್ನೂ ಕಷ್ಟ. ತಾಯಿಯ ಎದೆಗೆ ಮೈಗೆ ಮೈ ತಾಗಿಸಿ, ಬೆಚ್ಚಗೆ ಹೊದಿಸಿ, ಗಾಳಿ ಬಡಿಯದ ಒಳಮನೆಯಲ್ಲಿ ಇಡಬೇಕು. ಮುಟ್ಟಿನ ರಕ್ತದಲ್ಲಿ ಮೈಲಿಗೆಯೂ ಇಲ್ಲ, ವಿಷವೂ ಇಲ್ಲ. ಇದನ್ನು ಹಟ್ಟಿಯ ಹೆಣ್ಣುಮಕ್ಕಳೇ ಹೇಳತೊಡಗಿದ್ದಾರೆ, ಎಷ್ಟೋ ಮನೆಗಳಲ್ಲಿ ಪದ್ಧತಿ ಬಿಟ್ಟಿದ್ದಾರೆ. ಹೊರಗಿನವರು ಇದನ್ನು ಹಿಡಿದು ಹಟ್ಟಿಯವರನ್ನೆಲ್ಲ ಹೀಗಳೆಯುವುದೂ ಇದೆ. ಊರಿನೊಳಗಿನ ನಮ್ಮ ಮನೆಗಳಲ್ಲಿ ಮೂರು ದಿನ ದೇವರಮನೆಗೆ ಹೋಗದವರು ನಾವೇನು ಕಡಿಮೆಯೇ?

ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು, ಬರೆದರೆ ಬದಲಾಗಿರುವುದನ್ನೂ ಬರಿ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ನಮ್ಮ ಅಜ್ಜಿ ಹೊರಗೆ ಇರುತ್ತಿದ್ದರು. ನಮ್ಮ ಅಮ್ಮ ನನ್ನನ್ನು ಕಳಿಸುವುದಿಲ್ಲ’ ಎಂದು ಎರಡು ಸಾಲು ಬರೆದಳು. ಕೆಳಗೆ ಹಟ್ಟಿಯ ಹೆಸರು, ತಾಯಿಯ ಹೆಸರು, ತಾರೀಖು ಹಾಕಿದಳು.

ಭಾನುವಾರ ಮೂವರೂ ಹಟ್ಟಿಗೆ ಹೋಗಿ ಅವಳ ತಾತನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಗಣೆ ಪದ ಅವರಿಗೆ ಪೂರ್ತಿ ಬರುವುದಿಲ್ಲವಂತೆ, ಅವರ ಅಣ್ಣನಿಗೆ ಬರುತ್ತಿತ್ತಂತೆ. ನೆನಪಿದ್ದಷ್ಟು ಹೇಳಿದರು. ಆಮೇಲೆ ನಮ್ಮ ಚಾರ್ಟ್ ಬಗ್ಗೆ ವಿಚಾರಿಸಿದರು. ಸಾಲೊಮನ್ ದ್ವೀಪದ ಕಥೆಯನ್ನೂ, ಅಲ್ಲಿಯವರು ಕೊಬ್ಬರಿ ಮಾಡುವುದನ್ನೂ ಪಾಪು ಉತ್ಸಾಹದಿಂದ ಹೇಳಿದಳು. ತಾತ ಪೂರ್ತಿ ಕೇಳಿಸಿಕೊಂಡು ಬೀಡಿ ಆರಿಸಿದರು.

“ಅದ್ಸರಿ ಕಣವ್ವ, ಅಲ್ಲಿ ಕ್ವಿಂಟಾಲ್‌ಗೆ ಎಷ್ಟೈತಂತೆ ರೇಟು?”